ಬ್ಯಾರನ್ ಗೋಡೆಯ ಸೆಕೆಂಡುಗಳು

ಬೆಟ್ಟದಪುರದ ಕಂಠಪ್ಪನವರ ಹಿತ್ತಲಿನಲ್ಲಿ ಹೊಗೆಸೊಪ್ಪು ಹದ ಮಾಡುವ ಬ್ಯಾರನ್ ಒಂದಿದೆ. ಇಪ್ಪತ್ತಡಿ ಎತ್ತರದ ಗೋಡೆ, ಮೇಲೆ ಹಂಚು, ಒಳಗೆ ಒಂದರ ಮೇಲೊಂದು ಏಳು ಸಾಲು ಅಡ್ಡತೊಲೆ. ಹಸಿರು ಸೊಪ್ಪನ್ನು ಕಡ್ಡಿಗಳಿಗೆ ಕಟ್ಟಿ ಆ ತೊಲೆಗಳ ಮೇಲೆ ಸಾಲಾಗಿ ತೂಗುಹಾಕಿ, ಕೆಳಗೆ ಐದಾರು ದಿನ ಒಲೆ ಉರಿಸಿದರೆ ಸೊಪ್ಪು ನಿಂಬೆಹಣ್ಣಿನ ಬಣ್ಣಕ್ಕೆ ಬರುತ್ತದೆ. ಪಿರಿಯಾಪಟ್ಟಣ ತಾಲ್ಲೂಕಿನಲ್ಲಿ ಇಂಥ ಬ್ಯಾರನ್ನುಗಳಿಗೇನೂ ಬರವಿಲ್ಲ. ಆದರೆ ಬಾಗಿಲ ಪಕ್ಕದ ಗೋಡೆಯ ಮೇಲೆ, ಆಳೆತ್ತರಕ್ಕೆ, ಇದ್ದಿಲಿನಲ್ಲಿ ಸೆಕೆಂಡುಗಳನ್ನು ಬರೆದಿಟ್ಟಿದ್ದದ್ದು ಇದೊಂದರಲ್ಲೇ. ಬರೆಸಿದವಳು ಆ ಮನೆಯ ಸೊಸೆ ಪ್ರಮೀಳಾ.

ಪ್ರಮೀಳಾ ಹುಟ್ಟಿದ್ದು ಮಿರ್ಲೆಯಲ್ಲಿ, ನಾಲೆ ನೀರಿನ ಊರು. ಭತ್ತ ಗೊತ್ತು, ಕಬ್ಬು ಗೊತ್ತು, ಹೊಗೆಸೊಪ್ಪನ್ನು ಮುಟ್ಟಿದ್ದೇ ಮದುವೆಯಾದ ಮೇಲೆ. ಹತ್ತನೇ ಕ್ಲಾಸು ಪಾಸು ಮಾಡಿದ್ದಳು. ಗಂಡ ಕನಕರಾಜು ಸಾಧು, ಮಾತು ಕಮ್ಮಿ, ಎತ್ತು ಸಾಕುವುದರಲ್ಲಿ ಸುತ್ತಲಿಗೆಲ್ಲ ಎತ್ತಿದ ಕೈ. ತೊಂಬತ್ತಾರರಲ್ಲಿ ಅವನು ಬ್ಯಾರನ್ನಿನ ಐದನೇ ತೊಲೆಯಿಂದ ಜಾರಿಬಿದ್ದು ತೊಡೆಯ ಮೂಳೆ ಮುರಿದುಕೊಂಡ. ಸೊಪ್ಪು ಕಟ್ಟುವುದು ಹೆಂಗಸರು, ಬ್ಯಾರನ್ ಹತ್ತಿ ಏರಿಸುವುದು ಗಂಡಸರು, ಇದು ಅಲ್ಲಿಯ ಪದ್ಧತಿ. ಹೆಂಗಸು ತೊಲೆ ಮೆಟ್ಟಿದರೆ ಸೊಪ್ಪು ಕಪ್ಪಾಗುತ್ತದೆ ಅನ್ನುವ ನಂಬಿಕೆ ಬೇರೆ. ಆ ದಿನ ಕಟ್ಟಿದ ಸೊಪ್ಪು ಅಂಗಳದಲ್ಲಿ ಬಿದ್ದಿದೆ, ಏರಿಸುವವನು ಆಸ್ಪತ್ರೆಯಲ್ಲಿದ್ದಾನೆ, ಬೇರೆ ಆಳುಗಳೆಲ್ಲ ಅವರವರ ಬ್ಯಾರನ್ನಿನಲ್ಲಿದ್ದಾರೆ. ಪ್ರಮೀಳಾ ಸೀರೆಯನ್ನು ಕಚ್ಚೆ ಹಾಕಿ, ಗಂಡನ ಅಂಗಿ ತೊಟ್ಟು, ಒಂದು ಕಾಲು ಈ ತೊಲೆ ಒಂದು ಕಾಲು ಆ ತೊಲೆ ಇಟ್ಟು ಮೇಲೇರಿಬಿಟ್ಟಳು. ಆರುನೂರ ಐವತ್ತು ಕಡ್ಡಿ ಏರಿಸಿಯೇ ಇಳಿದಳು. ಸೊಪ್ಪು ಕಪ್ಪಾಗಲಿಲ್ಲ. ಆಮೇಲೆ ಎರಡು ವರ್ಷ ಅವಳೇ ಏರಿಸಿದಳು.

ಊರು ಏನಂದಿತು ಗೊತ್ತೇ? "ಈ ಸಲ ಕನಕರಾಜು ಬ್ಯಾರನ್ ಬೋ ಚೆನ್ನಾಗಿ ತುಂಬ್ದ" ಅಂದಿತು. ಕನಕರಾಜು ಊರುಗೋಲು ಹಿಡಿದು ಬ್ಯಾರನ್ನಿನ ಹೊರಗೆ ಕುಂತಿದ್ದು ಎಲ್ಲರ ಕಣ್ಣಿಗೂ ಬಿದ್ದಿತ್ತು. ಆದರೂ ಬಾಯಿಗೆ ಬಂದದ್ದು ಅವನ ಹೆಸರೇ. ಹೊಗೆಸೊಪ್ಪು ಬೆಳೆಯುವ ಲೈಸೆನ್ಸು ಮಾವನ ಹೆಸರಲ್ಲಿ, ಏರಿಸಿದ್ದು ಗಂಡನ ಹೆಸರಲ್ಲಿ, ತನ್ನ ಹೆಸರು ಅಂತ ಇರುವುದು ಪಡಿತರ ಚೀಟಿಯ ಮೂಲೆಯಲ್ಲಿ ಮಾತ್ರ. ಇದು ಪ್ರಮೀಳಾಳ ಹೊಟ್ಟೆಯೊಳಗೆ ಕೆಂಡದ ಹಾಗೆ ಕೂತಿತ್ತು. ಮುಂದೆ ನಡೆದದ್ದಕ್ಕೆಲ್ಲ ಅದೇ ಕಾರಣ.

ತೊಂಬತ್ತೆಂಟರ ಜನವರಿಯಲ್ಲಿ ಮೈಸೂರಿನಿಂದ ಕಾಲೇಜು ಹುಡುಗ ಹುಡುಗಿಯರ ಒಂದು ತಂಡ ಬಂಡೆ ಹತ್ತುವುದನ್ನು ಕಲಿಯಲು ಬಂದು, ಬೆಟ್ಟದ ಹಿಂದಿನ ಮಾವಿನ ತೋಪಿನಲ್ಲಿ ಡೇರೆ ಹಾಕಿತು. ಅಲ್ಲಿ ಹದ್ದಿನಬಂಡೆ ಅಂತ ಅರವತ್ತಡಿಯ ಕಲ್ಲಿದೆ. ನಡುವೆ ಅದರ ಹೊಟ್ಟೆ ಮುಂದಕ್ಕೆ ಉಬ್ಬಿದೆ. ಊರವರು ಅದರ ನೆರಳಲ್ಲಿ ದನ ಮಲಗಿಸಿದ್ದರೇ ಹೊರತು ಎದುರಿನಿಂದ ಯಾರೂ ಹತ್ತಿರಲಿಲ್ಲ. ತಂಡಕ್ಕೆ ಮಜ್ಜಿಗೆ ಹೋಗುತ್ತಿದ್ದದ್ದು ಕಂಠಪ್ಪನವರ ಮನೆಯಿಂದ. ಹೊತ್ತು ಹೋಗುತ್ತಿದ್ದವಳು ಪ್ರಮೀಳಾ.

ತಂಡದ ಮೇಷ್ಟ್ರು ನೀಲಕಂಠಸ್ವಾಮಿ. ಮಿಲಿಟರಿಯಲ್ಲಿದ್ದು ಬಂದವರು, ಐವತ್ತರ ಆಸುಪಾಸು, ಕೊರಳಲ್ಲಿ ಸೀಟಿ ಮತ್ತು ಸ್ಟಾಪ್‌ವಾಚು, ಕಂಕುಳಲ್ಲಿ ನೀಲಿ ರಟ್ಟಿನ ಪುಸ್ತಕ. ಅವರಿಗೆ ಎಲ್ಲವನ್ನೂ ಅಳೆಯಬೇಕು. ಯಾರು ಎಷ್ಟು ಹೊತ್ತಿನಲ್ಲಿ ಬಂಡೆ ಹತ್ತಿದರು, ಎಲ್ಲಿ ನಿಂತರು, ನಿನ್ನೆಗಿಂತ ಇವತ್ತು ಎಷ್ಟು ಮೇಲು, ಎಲ್ಲವೂ ಪುಸ್ತಕಕ್ಕೆ ಹೋಗಬೇಕು. "ಅಳೆಯದೆ ಬಿಟ್ಟದ್ದು ಬೆಳೆಯೋದಿಲ್ಲ" ಅನ್ನುವುದು ಅವರು ದಿನಕ್ಕೆ ಹತ್ತು ಸಲ ಹೇಳುತ್ತಿದ್ದ ಮಾತು. ಎರಡು ಮಾವಿನ ಮರಗಳ ನಡುವೆ ಒಂದು ಹಲಗೆ ಬಿಗಿದಿದ್ದರು. ಅದರ ಅಂಚು ಬೆರಳಿನ ಒಂದು ಗೆಣ್ಣು ಹಿಡಿಯುವಷ್ಟು ಮಾತ್ರ. ಅದಕ್ಕೆ ಬೆರಳು ಕೊಟ್ಟು ನೇತುಬಿದ್ದು ಎಷ್ಟು ಸೆಕೆಂಡು ಇರುತ್ತೀರಿ ಅನ್ನುವುದು ಬೆಳಗಿನ ಮೊದಲ ಪರೀಕ್ಷೆ.

ಮೂರನೇ ದಿನ ಮಜ್ಜಿಗೆ ಕೊಡವನ್ನು ಕೆಳಗಿಟ್ಟು ಪ್ರಮೀಳಾ ಕೇಳಿದಳು.

"ಸಾರ್, ನಾನೊಂದ್ ಕಿತ ನೋಡ್ಲಾ?"

"ನೋಡಮ್ಮ, ಅದಕ್ಕೇನಂತೆ" ಅಂದರು ಮೇಷ್ಟ್ರು, ತಮಾಷೆಗೆ.

ಹುಡುಗಿಯರಲ್ಲಿ ಹೆಚ್ಚೆಂದರೆ ನಲವತ್ತೊಂದು ಸೆಕೆಂಡು, ಹುಡುಗರಲ್ಲಿ ಐವತ್ತೈದು. ಪ್ರಮೀಳಾ ಕೈ ಬಿಟ್ಟದ್ದು ಐವತ್ತೆಂಟಕ್ಕೆ. ಹುಡುಗರು ಚಪ್ಪಾಳೆ ತಟ್ಟಿದರು. ಮೇಷ್ಟ್ರು ವಾಚು ನೋಡಿದರು, ಇವಳ ಮುಖ ನೋಡಿದರು, ಪುಸ್ತಕ ಮಾತ್ರ ತೆಗೆಯಲಿಲ್ಲ.

"ಬರ್ಕಳಿ ಸಾರ್" ಅಂದಳು.

"ಇದು ಕಲಿಯೋಕೆ ಬಂದವರ ಪುಸ್ತಕ ಕಣಮ್ಮ. ಅಲ್ಲದೆ ನೇತಾಡೋದು ಬೇರೆ, ಬಂಡೆ ಹತ್ತೋದು ಬೇರೆ."

"ಅಂಗಾರೆ ಬಂಡೆನೂ ಅತ್ತುಸ್ರಿ."

ದಿನಾ ಕೇಳಿ ಕೇಳಿ, ಕೊನೆಯ ದಿನ ಅವರು ಸೊಂಟಕ್ಕೆ ಪಟ್ಟಿ ಕಟ್ಟಿ ಹಗ್ಗ ಬಿಗಿದು ಹತ್ತಿಸಿದರು. ಮಜ್ಜಿಗೆಯವಳು ಬಂಡೆ ಹತ್ತುತ್ತಾಳಂತೆ ಅಂತ ಅರ್ಧ ಊರು ನೆರೆಯಿತು. ಬರಿಗಾಲಿನಲ್ಲಿ ನಲವತ್ತಡಿ ಸರಾಗವಾಗಿ ಹೋದಳು. ಬಂಡೆಯ ಹೊಟ್ಟೆಯ ಕೆಳಗೆ ಕಾಲು ತಪ್ಪಿತು. ಬ್ಯಾರನ್ನಿನಲ್ಲಿ ಕಾಲಿಗೆ ಯಾವಾಗಲೂ ತೊಲೆ ಸಿಗುತ್ತದೆ, ಇಲ್ಲಿ ಸಿಗಲಿಲ್ಲ. ಹಗ್ಗದಲ್ಲಿ ತೂಗಾಡುತ್ತ ಕೆಳಗಿಳಿದವಳನ್ನು ನೋಡಿ ಜನ ನಕ್ಕರು. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ, ಆದರೆ ಪ್ರಮೀಳಾ ಬಂಡೆ ಡೊಂಕು ಅನ್ನಲಿಲ್ಲ. "ಏಸು ಒತ್ತಾಯ್ತು?" ಅಂತ ಕೇಳಿದಳು.

"ಏಳು ನಿಮಿಷ. ಆದರೆ ಅರ್ಧಕ್ಕೆ ನಿಂತದ್ದನ್ನ ನಾನು ಬರೆಯೋದಿಲ್ಲ" ಅಂದರು ಮೇಷ್ಟ್ರು. ಅವಳು ಅಲ್ಲಾಡದೆ ನಿಂತಿರುವುದನ್ನು ಕಂಡು ಇನ್ನೂ ಒಂದು ಮಾತು ಸೇರಿಸಿದರು. "ಮುಂದಿನ ಜನವರೀಲಿ ಬರ್ತೀವಿ. ಒಂದೇ ದಿನ ಎರಡು ಸಲ ಹತ್ತು. ಎರಡೂ ಸಲ ಐದು ನಿಮಿಷದೊಳಗೆ ಮೇಲಿರಬೇಕು. ಆಗ ಬರೀತೀನಿ."

ಸಾಗಹಾಕಲು ಹೇಳಿದ ಮಾತು ಅದು. ಒಂದು ಸಲ ಅದೃಷ್ಟಕ್ಕೆ ಆಗಬಹುದು, ಎರಡು ಸಲ ಆಗಲಾರದು ಅಂತ ಅವರ ಲೆಕ್ಕಾಚಾರ. ಪ್ರಮೀಳಾ ಅದನ್ನು ಆಣೆಯ ಹಾಗೆ ಮನಸ್ಸಿನಲ್ಲಿಟ್ಟುಕೊಂಡು ಮನೆಗೆ ಬಂದಳು. ಆ ನೀಲಿ ಪುಸ್ತಕದಲ್ಲಿ ತನ್ನ ಹೆಸರು, ಅದರ ಮುಂದೆ ತನ್ನ ಹೊತ್ತು. ಅವಳಿಗೆ ಬೇಕಾದದ್ದು ಇಷ್ಟೇ.

 ಮಾರನೆಯ ದಿನ ಕನಕರಾಜು ಬ್ಯಾರನ್ ಬಾಗಿಲ ಮೇಲೆ ಗೆಣ್ಣಗಲದ ಒಂದು ರೀಪರ್ ಪಟ್ಟಿ ಹೊಡೆದ. ಮನೆಯ ಗೋಡೆ ಗಡಿಯಾರವನ್ನು ತಂದು ತೊಡೆಯ ಮೇಲಿಟ್ಟುಕೊಂಡು ಕುಂತ. ಅವಳು ನೇತುಬೀಳುವುದು, ಅವನು ಸೆಕೆಂಡಿನ ಮುಳ್ಳು ನೋಡುವುದು, ಇದ್ದಿಲಿನಲ್ಲಿ ಗೋಡೆಯ ಮೇಲೆ ತಾರೀಖು ಮತ್ತು ಅಂಕಿ ಬರೆಯುವುದು. ಐವತ್ತೆಂಟು, ಅರವತ್ತು, ಅರವತ್ತೊಂದು. ಎರಡು ವಾರ ದಿನಾ ನೇತುಬಿದ್ದ ಮೇಲೆ ಅಂಕಿ ಏರುವ ಬದಲು ಇಳಿಯತೊಡಗಿತು. ಐವತ್ತಾರು, ಐವತ್ತು. ಬೆರಳ ಗೆಣ್ಣುಗಳು ಊದಿಕೊಂಡವು. ಪ್ರಮೀಳಾ ಹಟಕ್ಕೆ ಬಿದ್ದು ದಿನಕ್ಕೆರಡು ಸಲ ನೇತುಬಿದ್ದಳು. ನಲವತ್ತಾರಾಯಿತು.

"ಎತ್ತ ಒಂದಿನ ಉತ್ತರೆ ಒಂದಿನ ಕಟ್ಟಾಕ್ತೀವಿ" ಅಂದ ಕನಕರಾಜು. "ನಿಂಗೇನು ರಜ ಬ್ಯಾಡ್ವಾ?"

ದಿನ ಬಿಟ್ಟು ದಿನ ಮಾಡಿದರು. ಮಾರ್ಚಿನ ಹೊತ್ತಿಗೆ ಎಪ್ಪತ್ತೆರಡು ದಾಟಿತು. ಆಮೇಲೆ ಕನಕರಾಜು ಕುಂಟುತ್ತ ಹದ್ದಿನಬಂಡೆಗೆ ಹೋಗಿ, ಹಿಂದಿನ ಇಳಿಜಾರಿನಿಂದ ಮೇಲೇರಿ ದಾರ ಇಳಿಬಿಟ್ಟು, ಬಂಡೆಯ ಹೊಟ್ಟೆ ಎಷ್ಟು ಮುಂದಕ್ಕೆ ಬಂದಿದೆ ಅಂತ ಸೊಪ್ಪಿನ ಕಡ್ಡಿಯಿಂದ ಅಳೆದು ಬಂದ. ಒಂದೂಕಾಲು ಕಡ್ಡಿ. ಅಷ್ಟೇ ಓರೆಗೆ ಖಾಲಿ ಬ್ಯಾರನ್ನಿನೊಳಗೆ ಹಳೆಯ ಹಲಗೆಗಳನ್ನು ಬಿಗಿದು ಕಲ್ಲುಚೂರು ಮೆತ್ತಿಕೊಟ್ಟ. ಅಲ್ಲಿ ಅವಳು ನೂರು ಸಲ ಬಿದ್ದಿದ್ದಾಳೆ. ಕೆಳಗೆ ಹುಲ್ಲು ಹಾಸಿದ್ದರು. ಬೆರಳಿಗಿಂತ ಹೆಬ್ಬೆರಳು ಮುಖ್ಯ, ಅದೂ ಕಾಲಿನದು, ಅನ್ನುವುದು ಹುಲ್ಲಿನ ಮೇಲೆ ಬಿದ್ದೂ ಬಿದ್ದೂ ಅವಳಿಗೆ ತಿಳಿಯಿತು.

ಮಾವ ಕಂಠಪ್ಪನಿಗೆ ಇದೆಲ್ಲ ಮೈಯುರಿ. ಪ್ರಾಯದಲ್ಲಿ ಗರಡಿಯಲ್ಲಿ ಸಾಮು ಮಾಡಿದ ಆಳು, ಅರವತ್ತೆರಡರಲ್ಲೂ ಎದೆ ಸೆಟೆಸಿಕೊಂಡೇ ನಡೆಯುತ್ತಿದ್ದರು. ಯುಗಾದಿಗೆ ಮನೆಗೆ ಸುಣ್ಣ ಬಳಿಸುವಾಗ ಬ್ಯಾರನ್ ಗೋಡೆಗೂ ಬಳಿಸಿಬಿಟ್ಟರು. ಎರಡು ತಿಂಗಳ ಅಂಕಿಗಳೆಲ್ಲ ಸುಣ್ಣದ ಅಡಿಗೆ ಹೋದವು.

"ಇದೇನು ಗೋಡೆಯೋ ಸ್ಕೂಲ್ ಸ್ಲೇಟೋ" ಅಂದರು.

ಪ್ರಮೀಳಾ ಒಲೆಯಿಂದ ಇದ್ದಿಲು ತಂದಳು. "ಒಳ್ಳೇದೇ ಆಯ್ತು ಮಾವ. ಬಿಳೀ ಗೋಡೆ ಮ್ಯಾಲೆ ಇನ್ನೂ ಚೆನ್ನಾಗ್ ಕಾಣ್ತದೆ" ಅಂದು, ಅವರ ಎದುರಿಗೇ ಆ ದಿನದ ಎಪ್ಪತ್ನಾಲ್ಕನ್ನು ಗೇಣುದ್ದ ಬರೆದಳು. ಕಂಠಪ್ಪ ಟವಲ್ಲು ಕೊಡವಿ ಹೊರಟುಹೋದರು.

ಜುಲೈ ಕೊನೆಯಲ್ಲಿ ಸೊಪ್ಪು ಮುರಿಯುವ ಕೆಲಸ ಶುರುವಾಯಿತು. ಹೊಗೆಸೊಪ್ಪನ್ನು ಬುಡದಿಂದ ಎರಡು ಮೂರು ಎಲೆಯಂತೆ ವಾರಕ್ಕೊಮ್ಮೆ ಮುರಿಯುತ್ತಾರೆ. ಆರು ಗಂಟೆಗೇ ಮುಯ್ಯಾಳಿನ ಹೆಂಗಸರು, ಅಂದರೆ ಇವತ್ತು ನಿಮ್ಮ ಹೊಲ ನಾಳೆ ನಮ್ಮ ಹೊಲ ಅಂತ ಕೂಡಿ ದುಡಿಯುವವರು, ಸಾಲಿಗೆ ಇಳಿಯುತ್ತಾರೆ. ಸೊಪ್ಪಿನ ಮೇಲೆ ಇಬ್ಬನಿ, ಇಲ್ಲವಾದರೆ ಮಳೆ. ಒದ್ದೆ ಸೊಪ್ಪನ್ನು ತೋಳಿನಲ್ಲಿ ಅಪ್ಪಿಕೊಂಡು ಬರಬೇಕು. ಮೈಯೆಲ್ಲ ಅಂಟು.

ಬ್ಯಾರನ್ನಿನೊಳಗೆ ಸೊಪ್ಪು ತುಂಬಿದ್ದರಿಂದ ಪ್ರಮೀಳಾಗೆ ಉಳಿದದ್ದು ಬಾಗಿಲ ಮೇಲಿನ ಪಟ್ಟಿ ಮಾತ್ರ. ಜುಲೈಯಲ್ಲಿ ತೊಂಬತ್ತು ಮುಟ್ಟಿದ್ದ ಅಂಕಿ ಆಗಸ್ಟ್ ಮೊದಲ ವಾರದಲ್ಲಿ ಅರವತ್ತಕ್ಕೆ ಇಳಿಯಿತು. ಎರಡನೇ ವಾರ ಮೂವತ್ತೆಂಟು. ನಡುವೆ ಒಂದೊಂದು ದಿನ ಏರಿದರೂ ಮತ್ತೆ ಕುಸಿಯುತ್ತಿತ್ತು. ನೇತುಬೀಳುವುದಕ್ಕೆ ರಜ ಕೊಟ್ಟರೂ ಅಷ್ಟೇ. ಮೊಳಕೆ ಹುರುಳಿ, ರಾಗಿಮುದ್ದೆ, ಮೊಟ್ಟೆ, ಏನು ತಿಂದರೂ ಅಷ್ಟೇ. ತಿಂದದ್ದು ನಿಂತರಲ್ಲವೇ? ಒಂದು ಬೆಳಿಗ್ಗೆ ಸೊಪ್ಪಿನ ಹೊರೆ ಇಳಿಸಿದವಳು ತಲೆ ತಿರುಗಿ ಹಲಸಿನ ಮರದ ಬುಡದಲ್ಲಿ ಕೂತು ವಾಂತಿ ಮಾಡಿಕೊಂಡಳು.

ಅತ್ತೆ ಸುನಂದಮ್ಮ ನೋಡಿದರು. ಅವರ ಮುಖ ಅರಳಿತು.

ಕೂಸು ಹುಟ್ಟುವ ಮುಂಚೆ ಕುಲಾವಿ ಹೊಲಿಸಿದರು ಅನ್ನುವ ಗಾದೆ ಸುನಂದಮ್ಮನನ್ನು ಕಂಡೇ ಹುಟ್ಟಿರಬೇಕು. ಮದುವೆಯಾಗಿ ಆರು ವರ್ಷ. ಪ್ರತಿ ಶ್ರಾವಣದಲ್ಲೂ ಸೊಸೆ ವಾಂತಿ ಮಾಡುವುದು, ಪ್ರತಿ ಶ್ರಾವಣದಲ್ಲೂ ಅತ್ತೆ ಮಿರ್ಲೆಯ ಬೀಗರಿಗೆ ಸಿಹಿ ಸುದ್ದಿ ಹೇಳಿ ಕಳಿಸುವುದು, ಪಿರಿಯಾಪಟ್ಟಣದ ನರ್ಸಮ್ಮ ಇಲ್ಲ ಅನ್ನುವುದು, ಮನೆಯಲ್ಲಿ ಒಂದು ವಾರ ಯಾರೂ ಯಾರ ಮುಖವನ್ನೂ ನೋಡದಿರುವುದು. ಆರನೇ ಸಲವೂ ಹಾಗೇ ಆಯಿತು. ಸುನಂದಮ್ಮ ಕೆಟ್ಟವರಲ್ಲ, ಆಸೆಬುರುಕಿ. "ಆ ಬಾಗ್ಲಿಗೆ ನೇತಾಕ್ಕಂಡು ನೇತಾಕ್ಕಂಡು ಒಟ್ಟೆ ಜಾರ್ಸ್ಕತಾ ಇದ್ದೀಯ ಕಣವ್ವ, ಅದ ಬುಟ್ಬುಡು" ಅಂದರು. ಪ್ರಮೀಳಾ ಅಲ್ಲಿಂದ ಎದ್ದು ಹೋದಳು. ಬ್ಯಾರನ್ನಿನ ಹಿಂದೆ ಕೂತು ಅತ್ತಳು. ಮಗುವಿಗಾಗಿ ಅತ್ತಳೋ ಮೂವತ್ತೆಂಟಕ್ಕಾಗಿ ಅತ್ತಳೋ ಅವಳಿಗೇ ಗೊತ್ತಿರಲಿಲ್ಲ. ಜನವರಿಗೆ ಇನ್ನು ಐದೇ ತಿಂಗಳಿತ್ತು.

ಗೋಡೆಯನ್ನು ಓದಿದವನು ಕನಕರಾಜು. ಕಾಲು ಸರಿಯಿಲ್ಲದವನಿಗೆ ಕುಂತು ನೋಡುವ ಕೆಲಸ. ಎರಡು ದಿನ ಅಂಕಿಗಳನ್ನೇ ನೋಡುತ್ತ ಕುಂತಿದ್ದು, ಮೂರನೆಯ ದಿನ ಎದ್ದು ಪ್ರತಿ ಅಂಕಿಯ ಮುಂದೆಯೂ ಒಂದೊಂದು ಪದ ಬರೆದ. ಸೊಪ್ಪು ಒದ್ದೆಯಿದ್ದಾಗ ಮುರಿದ ದಿನಕ್ಕೆ "ಹಸಿ". ಬಿಸಿಲು ಕಾದ ಮೇಲೆ ಮುರಿದ ದಿನಕ್ಕೆ, ಕೆಲಸವಿಲ್ಲದ ದಿನಕ್ಕೆ, "ಒಣ". ಹೆಂಡತಿಯನ್ನು ಕರೆದು ತೋರಿಸಿದ.

ಒಣ, ಎಂಬತ್ತೆಂಟು. ಹಸಿ, ನಲವತ್ತು. ಹಸಿ, ಮೂವತ್ತೆಂಟು. ಒಣ, ಎಪ್ಪತ್ತೊಂಬತ್ತು. ಹಸಿ, ಮೂವತ್ತೈದು.

"ನಿನ್ ಮೈನಾಗೇನೂ ಇಲ್ಲ ಕಣೆ" ಅಂದ. "ಸೊಪ್ಪಿನ ನೀರು ಚರ್ಮದಾಗೆ ಇಳೀತಾ ಅದೆ. ಬೀಡಿ ಸೇದ್ದೇ ಇದ್ರೂ ಬೀಡಿ ಅಮಲು."

ಪ್ರಮೀಳಾ ಬೆರಳಿಟ್ಟು ಒಂದೊಂದೇ ಸಾಲನ್ನು ಓದಿದಳು. ಆರು ವರ್ಷದ ಶ್ರಾವಣಗಳ ವಾಂತಿಗೂ ಕಾರಣ ಅಲ್ಲಿತ್ತು. ಅವಳಿಗೆ ಮೊದಲು ಬಂದದ್ದು ಸಮಾಧಾನ, ಅದರ ಹಿಂದೆಯೇ ಬಂದದ್ದು ಸಿಟ್ಟು. ಸಿಟ್ಟು ನಿಂತಿತು.

ಮಾರನೆಯ ಬೆಳಿಗ್ಗೆ ಆರು ಗಂಟೆಗೆ ಹೊಲದ ಬದುವಿನ ಮೇಲೆ ಕೂತುಬಿಟ್ಟಳು. ಸಣ್ಣಗೆ ಸೋನೆ ಹಿಡಿದಿತ್ತು. "ಹಸಿ ಸೊಪ್ಪ ನಾನ್ ಮುಟ್ಟಕ್ಕಿಲ್ಲ" ಅಂದಳು.

ಕಂಠಪ್ಪ ಕೊಡೆ ಹಿಡಿದು ನಿಂತಿದ್ದರು. "ಸೊಪ್ಪು ನಿನ್ನ ಕಾಯ್ತದೇನವ್ವ? ಇವತ್ತೇ ಮುರ್ದು ಇವತ್ತೇ ಏರುಸ್ಬೇಕು. ಎಂಗಸ್ರ ಸೋಗಿಗೆಲ್ಲ ಮಳೆ ನಿಂತುಕತದಾ?"

ಸೋಗು ಅಂದದ್ದು ಬರಿಯ ಅವಳಿಗಲ್ಲ. ಮುಯ್ಯಾಳಿನಲ್ಲಿದ್ದ ಭಾಗ್ಯಮ್ಮ, ನಲವತ್ತು ದಾಟಿದ ಗಟ್ಟಿ ಹೆಂಗಸು, ಸೊಪ್ಪಿನ ಕಾಲದಲ್ಲಿ ಮಧ್ಯಾಹ್ನ ಉಣ್ಣುತ್ತಲೇ ಇರಲಿಲ್ಲ. ಇನ್ನೂ ಇಪ್ಪತ್ತಾಗದ ಪುಟ್ಟಿ ಹೋದ ವಾರ ಸಾಲಿನಲ್ಲೇ ಬಿದ್ದಿದ್ದಳು, ಮದುವೆಯಾಗದ ಹುಡುಗಿ ಯಾಕೆ ವಾಂತಿ ಮಾಡಿದಳು ಅಂತ ಊರು ಗುಸುಗುಸು ಅನ್ನುತ್ತಿತ್ತು. ಪ್ರಮೀಳಾ ಅವರಿಬ್ಬರನ್ನೂ ಬ್ಯಾರನ್ ಬಾಗಿಲಿಗೆ ಕರೆದಳು. "ನಗ್ಬೇಡಿ, ನೇತಾಕ್ಕಳಿ" ಅಂದಳು. ನಕ್ಕೇ ನಕ್ಕರು. ಸೊಪ್ಪು ಮುಟ್ಟುವ ಮೊದಲು ಭಾಗ್ಯಮ್ಮ ಮೂವತ್ತೊಂದು, ಪುಟ್ಟಿ ಇಪ್ಪತ್ತಾರು. ಎರಡು ತಾಸು ಹಸಿ ಸೊಪ್ಪು ಮುರಿದು ಬಂದು ನೇತುಬಿದ್ದರು. ಹನ್ನೆರಡು, ಒಂಬತ್ತು. ಯಾರೂ ನಗಲಿಲ್ಲ. ಕನಕರಾಜು ಹೆಸರುಗಳ ಸಮೇತ ಗೋಡೆಗೆ ಬರೆದ.

"ದಣಿವಾಗಿರ್ತದೆ" ಅಂದರು ಕಂಠಪ್ಪ.

"ಅಂಗಾರೆ ನೀವೇ ನೇತಾಕ್ಕಳಿ ಮಾವ" ಅಂದಳು ಪ್ರಮೀಳಾ. "ನೀವು ಗರಡಿ ಆಳು. ಇವತ್ತೊಂದ್ ಕಿತ. ನಾಳೆ ಕೊಡೆ ಮಡಗಿ ನಮ್ಜೊತೆ ಸಾಲಿಗಿಳ್ದು, ಬಂದು ಇನ್ನೊಂದ್ ಕಿತ. ನಿಮಗೆ ದಣಿವು ಆಗಕ್ಕಿಲ್ವಲ್ಲ."

ಹೆಂಗಸರೆಲ್ಲ ನೋಡುತ್ತಿದ್ದರು. ಗರಡಿಯ ಹೆಸರೆತ್ತಿದ ಮೇಲೆ ಕಂಠಪ್ಪನಿಗೆ ಹಿಂದೆ ಸರಿಯಲು ದಾರಿಯಿರಲಿಲ್ಲ. ಅಂಗಿ ಬಿಚ್ಚಿ ನೇತುಬಿದ್ದರು. ಇಪ್ಪತ್ನಾಲ್ಕು. ಮೀಸೆ ತೀಡಿಕೊಂಡರು. ಮರುದಿನ, ಮೂವತ್ತು ವರ್ಷದಲ್ಲಿ ಮೊದಲ ಸಲ ಕೊಡೆಯಿಲ್ಲದೆ ಒದ್ದೆ ಸಾಲಿಗಿಳಿದು, ಹೆಂಗಸರ ಸರಿಸಮ ಎರಡು ತಾಸು ಸೊಪ್ಪು ಮುರಿದರು. ಬಂದು ಪಟ್ಟಿ ಹಿಡಿದರು. ಏಳು ಸೆಕೆಂಡು. ಕೈ ಬಿಟ್ಟವರು ನೆಟ್ಟಗೆ ಹಲಸಿನ ಮರದ ಬುಡಕ್ಕೆ ಹೋಗಿ ಕೂತರು. ಪ್ರಮೀಳಾ ಪ್ರತಿ ವರ್ಷ ಕೂರುತ್ತಿದ್ದ ಜಾಗದಲ್ಲೇ ವಾಂತಿ ಮಾಡಿಕೊಂಡರು.

ಸುನಂದಮ್ಮ ನೀರಿನ ಚೊಂಬು ಹಿಡಿದು ಬಂದು ಗಂಡನನ್ನೂ ಸೊಸೆಯನ್ನೂ ಒಂದು ಸಲ ನೋಡಿದರು. "ಮಿರ್ಲೆಗೆ ಯೋಳ್ಕಳಿಸ್ಲಾ?" ಅಂದರು. ಹೆಂಗಸರೆಲ್ಲ ಬಿದ್ದು ಬಿದ್ದು ನಕ್ಕರು, ಸುನಂದಮ್ಮನೂ ನಕ್ಕರು, ನಗುತ್ತಲೇ ಸೆರಗಿನಿಂದ ಕಣ್ಣೊರೆಸಿಕೊಂಡರು. ಆವತ್ತಿನಿಂದ ಅವರು ಸೊಸೆಯ ವಾಂತಿಯ ಮಾತೆತ್ತಲಿಲ್ಲ.

 ನಾಲ್ಕನೆಯ ದಿನ ಕಂಠಪ್ಪ ಗೊಬ್ಬರದ ಚೀಲದೊಳಗಿನ ಪ್ಲಾಸ್ಟಿಕ್ಕನ್ನೆಲ್ಲ ತಂದು ಅಂಗಳದಲ್ಲಿ ಹಾಕಿ, "ತೋಳಿಗೂ ಮೈಗೂ ಕಟ್ಕಳಿ" ಅಂದರು. ಇಬ್ಬನಿ ಆರುವ ಮುಂಚೆ ಅವರ ಹೊಲಕ್ಕೆ ಯಾರೂ ಇಳಿಯಬೇಕಿಲ್ಲ ಅಂತಲೂ ಆಯಿತು. ಏರಿಸುವ ಕೆಲಸ ಸಂಜೆಗೆ ಜಾರಿತು, ಆದರೆ ಸೊಪ್ಪೇನೂ ಹಾಳಾಗಲಿಲ್ಲ. ಊರು ನಕ್ಕಿತು. ಕಂಠಪ್ಪನ ಹೊಲದಲ್ಲಿ ಬೆದರುಬೊಂಬೆಗಳು ಸೊಪ್ಪು ಮುರಿಯುತ್ತವೆ ಅಂದಿತು. ನಗುವವರ ಮನೆಯ ಹೆಂಗಸರು ಮುಯ್ಯಾಳಿಗೆ ಕಂಠಪ್ಪನ ಹೊಲವನ್ನೇ ಕೇಳತೊಡಗಿದ ಮೇಲೆ ನಗು ಕಮ್ಮಿಯಾಯಿತು. ಗೋಡೆಯ ಮೇಲೆ ಅಂಕಿ ಮತ್ತೆ ಏರಿತು. ಅಕ್ಟೋಬರಿಗೆ ತೊಂಬತ್ತಾರು. ಬ್ಯಾರನ್ ಖಾಲಿಯಾಗಿ ಹಲಗೆಗಳನ್ನು ಮತ್ತೆ ಬಿಗಿದ ಮೇಲೆ, ಡಿಸೆಂಬರಿನ ಕೊನೆಗೆ, ನೂರಾ ನಾಲ್ಕು.

ಜನವರಿಯಲ್ಲಿ ಡೇರೆಗಳು ಬಂದವು. ನೀಲಕಂಠಸ್ವಾಮಿ ಮೇಷ್ಟ್ರು ಅವಳನ್ನು ಮರೆತಿದ್ದರು. ಅವಳು ನೆನಪಿಸಿದಳು. ಕನಕರಾಜುವಿನ ಪ್ಯಾಂಟು ತೊಟ್ಟು, ಸೊಂಟಕ್ಕೆ ಹುರಿ ಬಿಗಿದು ಬಂದಿದ್ದಳು. ಹಿಂದೆ ಮುಯ್ಯಾಳಿನ ಹೆಂಗಸರೆಲ್ಲ ಬಂದಿದ್ದರು. ಸುನಂದಮ್ಮ ಮಜ್ಜಿಗೆ ಹೊತ್ತಿದ್ದರು. ಕಂಠಪ್ಪ ಮಾತ್ರ, ತನಗೂ ಇದಕ್ಕೂ ಸಂಬಂಧವಿಲ್ಲ ಅನ್ನುವ ಹಾಗೆ, ದೂರದ ಹುಣಸೆಮರದ ಕೆಳಗೆ ನಿಂತಿದ್ದರು.

ಏಳು ಗಂಟೆಗೇ ಮೇಷ್ಟ್ರು ಹಗ್ಗ ಇಳಿಬಿಟ್ಟು ಕರೆದರು. ಬಂಡೆಯ ಮೇಲೆ ಮಂಜು ಕೂತಿತ್ತು. ಪ್ರಮೀಳಾ ಅಂಗೈ ಇಟ್ಟು ನೋಡಿದಳು.

"ಹಸಿ ಅದೆ ಸಾರ್. ಆರ್ಲಿ."

"ನಮ್ಮ ಟೈಮ್ ಟೇಬಲ್ಲು ಏಳು ಗಂಟೆಗೆ ಕಣಮ್ಮ. ಹೆದರಿಕೆ ಆದರೆ ಬಿಡು."

"ಎದ್ರಿಕೆ ಅಲ್ಲ ಸಾರ್. ಹಸೀನಾಗೆ ಅಳುದ್ರೆ ಅದು ನನ್ನ ಅಳತೆ ಅಲ್ಲ, ಮಂಜಿನ ಅಳತೆ" ಅಂದು, ಒಂದು ಕಲ್ಲಿನ ಮೇಲೆ ಕೂತಳು. ಒಂದು ವರ್ಷ ಕಾದವಳಿಗೆ ಎರಡು ತಾಸು ಯಾವ ಲೆಕ್ಕ? ಒಂಬತ್ತಕ್ಕೆ ಬಿಸಿಲು ಬಂಡೆಯ ಹೊಟ್ಟೆಗೆ ಬಂತು. ಎದ್ದಳು.

ಮೊದಲ ಸಲ ನಲವತ್ತಡಿಯವರೆಗೆ ಬೇಕೆಂದೇ ನಿಧಾನ ಹೋದಳು. ಹೊಟ್ಟೆಯ ಕೆಳಗೆ ಒಂದು ಉಸಿರು ನಿಂತು, ಕಾಲಿನ ಹೆಬ್ಬೆರಳನ್ನು ಒಂದು ಬಿರುಕಿಗೆ ಕೊಟ್ಟು, ಒಂದೂಕಾಲು ಕಡ್ಡಿ ಹೊರಕ್ಕೆ ಬಾಗಿ ಕೈ ಚಾಚಿದಳು. ಬ್ಯಾರನ್ನಿನಲ್ಲಿ ನೂರು ಸಲ ಸಿಕ್ಕದೆ ಇನ್ನೂರು ಸಲ ಸಿಕ್ಕ ಹಿಡಿ ಇಲ್ಲೂ ಅಷ್ಟೇ ದೂರದಲ್ಲಿತ್ತು. ಕನಕರಾಜು ಸರಿಯಾಗಿಯೇ ಅಳೆದಿದ್ದ. ನಾಲ್ಕು ನಿಮಿಷ ಮೂವತ್ತೆಂಟು ಸೆಕೆಂಡು.

ಕೆಳಗಿಳಿದು ಮಜ್ಜಿಗೆ ಕುಡಿದು ಅರ್ಧ ಗಂಟೆ ಸುಮ್ಮನೆ ಮಲಗಿದಳು. ಹುಡುಗರು "ಈಗಲೇ ಹತ್ತಿ ಅಕ್ಕ, ಮೈ ಬಿಸಿ ಇರೋವಾಗಲೇ" ಅಂದರೂ ಏಳಲಿಲ್ಲ. ರಜ ಎಷ್ಟು ಬೇಕು ಅನ್ನುವುದೂ ಗೋಡೆಯ ಮೇಲಿತ್ತು. ಆಮೇಲೆ ಎದ್ದು ಎರಡನೇ ಸಲ ಹತ್ತಿದಳು. ಮೂರು ನಿಮಿಷ ಐವತ್ತೇಳು. ಆ ತಂಡದ ಹುಡುಗಿಯರಲ್ಲಿ ಅಲ್ಲಿಯವರೆಗಿನ ಒಳ್ಳೆಯ ಅಳತೆ ನಾಲ್ಕು ನಿಮಿಷ ಹತ್ತು ಸೆಕೆಂಡು.

 ಮೇಷ್ಟ್ರು ವಾಚನ್ನು ನೋಡಿದರು, ಕಂಕುಳಿನಿಂದ ನೀಲಿ ಪುಸ್ತಕ ತೆಗೆದರು, ಬರೆದರು. ಮಾತಿಗೆ ತಪ್ಪುವವರಲ್ಲ. ಪ್ರಮೀಳಾ ಪಕ್ಕಕ್ಕೆ ಬಂದು ಬಗ್ಗಿ ನೋಡಿದಳು. ಹೊತ್ತು ಸರಿಯಾಗಿ ಬರೆದಿದ್ದರು, ಎರಡೂ ಸಲದ್ದು. ಹೆಸರಿನ ಜಾಗದಲ್ಲಿ "ಸ್ಥಳೀಯ ಮಹಿಳೆ" ಅಂತಿತ್ತು.

"ಇದ್ಯಾರು ಸಾರ್?"

"ನೀನೇ ಕಣಮ್ಮ. ಇಪ್ಪತ್ತೈದು ದಾಟಿದವರ ಹೆಸರು, ತಂಡಕ್ಕೆ ಸೇರದೇ ಇರೋರ ಹೆಸರು, ಪಟ್ಟೀಲಿ ಹಾಕೋ ಹಾಗಿಲ್ಲ. ಮೇಲಿನವರು ಕೇಳ್ತಾರೆ. ಟೈಮು ಬರೆದಿದೀನಲ್ಲ, ಸಾಕಲ್ಲವಾ?"

ಅವರ ದನಿಯಲ್ಲಿ ಕೆಟ್ಟತನವಿರಲಿಲ್ಲ. ಅದಕ್ಕೇ ಅವಳಿಗೆ ಇನ್ನೂ ಉರಿಯಿತು. ಕೆಟ್ಟತನವಿಲ್ಲದೆಯೇ ಅಲ್ಲವೇ ಊರು ಎರಡು ವರ್ಷ ಅವಳ ಕೆಲಸಕ್ಕೆ ಕನಕರಾಜುವಿನ ಹೆಸರಿಟ್ಟದ್ದು, ಕೆಟ್ಟತನವಿಲ್ಲದೆಯೇ ಸುನಂದಮ್ಮ ಮಿರ್ಲೆಗೆ ಹೇಳಿ ಕಳಿಸಿದ್ದು?

"ಅಳೆಯದೆ ಬುಟ್ಟದ್ದು ಬೆಳೆಯಕ್ಕಿಲ್ಲ ಅಂತೀರಿ" ಅಂದಳು. "ಅಳ್ದು ಎಸ್ರಿಲ್ದೆ ಬುಟ್ರೆ ಅದು ಯಾರ್ ಮನೇನಾಗೆ ಬೆಳೀತದೆ ಸಾರ್? ಕೊಡಿ ಇಲ್ಲಿ."

ಮೇಷ್ಟ್ರು ಕೊಟ್ಟರೋ ಅವಳೇ ತೆಗೆದುಕೊಂಡಳೋ, ಅಲ್ಲಿದ್ದವರು ಇವತ್ತಿಗೂ ಒಂದೊಂದು ರೀತಿ ಹೇಳುತ್ತಾರೆ. ಪೆನ್ನು ಅವಳ ಕೈಯಲ್ಲಿತ್ತು.  "ಸ್ಥಳೀಯ ಮಹಿಳೆ"ಯನ್ನು ಅಡ್ಡಗೆರೆ ಎಳೆದು ಹೊಡೆದುಹಾಕಿ, ಮೇಲೆ ದಪ್ಪಕ್ಷರದಲ್ಲಿ ಬರೆದಳು. ಪ್ರಮೀಳಾ, ವಯಸ್ಸು ಇಪ್ಪತ್ತೊಂಬತ್ತು, ಬೆಟ್ಟದಪುರ. ಕೊನೆಗೆ ಷರಾ ಅನ್ನುವ ಖಾಲಿ ಕಾಲಂ ಇತ್ತು. ಅಲ್ಲಿ "ಒಣ" ಅಂತ ಬರೆದಳು.

"ಇದೇನಿದು?" ಅಂದರು ಮೇಷ್ಟ್ರು.

"ನಮ್ಮ ಬ್ಯಾರನ್ ಗೋಡೆ ನೋಡ್ಬನ್ನಿ, ಗೊತ್ತಾಯ್ತದೆ."

ಮೇಷ್ಟ್ರು ಪುಟವನ್ನು ಹರಿಯಲಿಲ್ಲ, ಹೆಸರನ್ನು ಹೊಡೆಯಲೂ ಇಲ್ಲ. ಪೆನ್ನಿಗಾಗಿ ಕೈ ಚಾಚಿದರು.

ಪ್ರಮೀಳಾ ಕೊಡಲಿಲ್ಲ. ಹಿಂದೆ ಭಾಗ್ಯಮ್ಮ ಸೀರೆಯನ್ನು ಕಚ್ಚೆ ಹಾಕಿ, ಸೊಂಟಕ್ಕೆ ಪಟ್ಟಿ ಬಿಗಿಸಿಕೊಳ್ಳುತ್ತ ನಿಂತಿದ್ದಳು.

"ಇರ್ಲಿ ಸಾರ್" ಅಂದಳು ಪ್ರಮೀಳಾ. "ಭಾಗ್ಯಮ್ಮಕ್ಕನ ಎಸ್ರು ಬರೀಬೇಕು."